ನನ್ನೆದುರು ನಿಂತಿದ್ದವರು

ಅಜ್ಜಂಪುರ
22 ಸೆಪ್ಟೆಂಬರ್ 2024

ಧನಪಾಲ್ ಸರ್ ಅವರಿಗೆ,

ಮದುವೆಯಾದ ಮೇಲೆ ನಿಮ್ಮನ್ನು ಸರ್ ಎಂದು ಕರೆಯುವುದನ್ನು ಬಿಟ್ಟಿದ್ದೆ. 'ರೀ' ಅನ್ನುವುದು ಬಾಯಿಗೆ ಕೂರಲು ಒಂದು ವರ್ಷವೇ ಹಿಡಿಯಿತು. ರಿಂಗಿನೊಳಗೆ ಸರ್, ಮನೆಯೊಳಗೆ ರೀ, ಎಲ್ಲಿ ಯಾವುದು ಅಂತ ಮರೀಬೇಡ ಎಂದು ನೀವು ನಗುತ್ತಿದ್ದಿರಿ. ಈ ಪತ್ರವನ್ನು ಇಬ್ಬರಲ್ಲಿ ಯಾರಿಗೆ ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿದೆ. ಮೊದಲು ಮೋಸ ಮಾಡಿದ್ದು ನನ್ನ ಕೋಚ್. ಗಂಡ ಆಮೇಲೆ ಅದನ್ನು ಮುಚ್ಚಿಟ್ಟ. ಅದಕ್ಕೇ ಸರ್ ಎಂದು ಬರೆದೆ.

ನೀವು ಫೋನ್ ಮಾಡುತ್ತಲೇ ಇದ್ದೀರಿ, ನಾನು ಎತ್ತುತ್ತಿಲ್ಲ. ಕೋಪಕ್ಕೆ ಮಾತ್ರವಲ್ಲ. ಫೋನಿನಲ್ಲಿ ನಾನು ಒಂದು ಮಾತು ಶುರುಮಾಡಿದರೆ ಅದನ್ನು ಮುಗಿಸುವವರು ಯಾವಾಗಲೂ ನೀವೇ. ಕೊನೆಗೆ ನಾನೇ ಸಮಾಧಾನ ಹೇಳಿ ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಮೊದಲಿನಿಂದ ಹೇಳುತ್ತೇನೆ, ಕೊನೆಯವರೆಗೆ ಓದಿ.

ಬೆಂಗಳೂರಿನ ಬಾಕ್ಸಿಂಗ್ ಆಯ್ಕೆ ಶಿಬಿರಕ್ಕೆ ನೀವು ಬರಲಿಲ್ಲ. ನಮ್ಮೂರ ಭದ್ರಾ ಕಪ್ ಪಂದ್ಯಾವಳಿಯ ಓಡಾಟ ಇದೆ, ನೀನೊಬ್ಬಳೇ ಹೋಗಿ ಬಾ, ನಿನ್ನ ದಾಖಲೆ ನೋಡಿದರೆ ಅವರೇ ಕರ್ಕೊಂತಾರೆ ಅಂದಿರಿ. ದಾಖಲೆಯನ್ನು ನೋಡಿದವರು ಒಬ್ಬ ಹೆಂಗಸು. ಅವರೂ ಒಂದು ಕಾಲಕ್ಕೆ ನಮ್ಮ ತೂಕದಲ್ಲೇ ಆಡಿದವರಂತೆ, ಈಗ ಕನ್ನಡಕ ಹಾಕುತ್ತಾರೆ. ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಎಲ್ಲಾ ಗೆಲುವೇ ಇದೆಯಲ್ಲಮ್ಮ. ಇವರಲ್ಲಿ ಯಾರ ಜೊತೆ ಬೌಟ್ ಇದ್ದಾಗ ನಿಮಗೆ ಹಿಂದಿನ ದಿನ ನಿದ್ದೆ ಬರಲಿಲ್ಲ?" ಎಂದು ಕೇಳಿದರು.

ನಾನು ಯೋಚಿಸಿದೆ. ಒಂದು ಹೆಸರೂ ಬಾಯಿಗೆ ಬರಲಿಲ್ಲ. ನನಗೆ ಯಾವಾಗಲೂ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಅವರು ಕುಹಕದಿಂದ ಕೇಳಿದ್ದಲ್ಲ. ಕೂರಿಸಿಕೊಂಡು ವಿವರಿಸಿದರು. "ಸಣ್ಣ ತೂಕದವರದ್ದು ಯಾವಾಗ್ಲೂ ಇದೇ ಕಷ್ಟ ನೋಡಿ. ಅರವತ್ತು ಕೆಜಿಗೆ ಬಂದ್ರೆ ಬೇಕಾದಷ್ಟು ಹುಡುಗೀರು ಸಿಗ್ತಾರೆ. ನಲವತ್ತೆಂಟಕ್ಕೆ ಇಬ್ರೋ ಮೂವರೋ. ಅದ್ರಲ್ಲಿ ಒಬ್ಬಳು ವರ್ಷಗಟ್ಲೆ ಗೆಲ್ತಾ ಹೋದ್ರೆ, ಅವಳು ಅಷ್ಟು ಚೆನ್ನಾಗಿದ್ದಾಳೋ, ಎದುರಿಗೆ ಯಾರೂ ಇರಲೇ ಇಲ್ವೋ, ದೂರದಿಂದ ಹೇಳಕ್ಕಾಗಲ್ಲ. ಹೆಸರು ಮಾಡಿದ ಚಾಂಪಿಯನ್ನರ ವಿಷಯದಲ್ಲೂ ಜನ ಇನ್ನೂ ಇದಕ್ಕೇ ಜಗಳ ಆಡ್ತಾರೆ. ಅದಕ್ಕೆ ನಾನು ಗೆಲುವು ನೋಡಲ್ಲ. ನಿಮ್ಮ ಹತ್ರ ಸೋತವರು ಅದಕ್ಕೆ ಮುಂಚೆ ಯಾರನ್ನ ಸೋಲಿಸಿದ್ರು, ಆ ದಿನ ಯಾವ ಸ್ಥಿತೀಲಿ ರಿಂಗಿಗೆ ಬಂದ್ರು, ಆಮೇಲೆ ಏನಾದ್ರು, ಅದನ್ನ ನೋಡ್ತೀನಿ."

ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು ಹೇಳಿದರು: "ನಿಮ್ಮೆದುರು ಸೋತವರಲ್ಲಿ ಮುಕ್ಕಾಲು ಜನ ಮತ್ತೆ ಯಾವ ರಿಂಗಿಗೂ ಬಂದಿಲ್ಲ. ಅದು ನಿಮ್ಮ ಕೈ ಜೋರಿಗೋ, ಬೇರೆ ಕಾರಣಕ್ಕೋ? ನಿಮಗೆ ಗೊತ್ತಿರಬೇಕು."

ಶಿಬಿರಕ್ಕೆ ಸದ್ಯಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು. ಹುಬ್ಬಳ್ಳಿಯಲ್ಲಿ ಎಲ್ಲರಿಗೂ ತೆರೆದ ಒಂದು ಪಂದ್ಯಾವಳಿ ಇದೆ, ಯಾರೆದುರು ಯಾರು ಎಂಬುದನ್ನು ಅಲ್ಲಿ ಚೀಟಿ ಎತ್ತಿ ನಿರ್ಧರಿಸುತ್ತಾರೆ, ಅಲ್ಲಿ ಆಡಿ ಬನ್ನಿ, ಆಮೇಲೆ ಮಾತಾಡೋಣ ಎಂದರು.

ರೈಲಿನಲ್ಲಿ ದಾರಿಯುದ್ದಕ್ಕೂ ನಾನು ಆ ಹೆಂಗಸಿನ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ನಿಮ್ಮ ಪರವಾಗಿಯೇ ಆಡಿದೆ. ತರೀಕೆರೆಯಂಥ ಊರಿನಲ್ಲಿ ತಗಡಿನ ಶೆಡ್ಡೊಂದರಲ್ಲಿ ಹೆಣ್ಣುಮಕ್ಕಳಿಗೆ ಬಾಕ್ಸಿಂಗ್ ಕಲಿಸಿದವರು ಯಾರಿದ್ದಾರೆ? ಎದುರಾಳಿಗಳನ್ನು ಎಲ್ಲಿಂದ ತರಬೇಕಿತ್ತು? ನಮ್ಮ ಸೀಮೆಯಲ್ಲಿ ನನ್ನಷ್ಟು ತೂಕದವರು ಹುಟ್ಟಿ, ಗ್ಲೌಸ್ ಹಾಕಿ ಬಂದರೆ ತಾನೇ ಅವರನ್ನು ನಾನು ಹೊಡೆಯುವುದು? ಕಡೂರಿನಲ್ಲಿ ಇಳಿದು ಅಮ್ಮನ ಮನೆಯಲ್ಲಿ ಮಲಗಿದೆ. ಬೆಳಿಗ್ಗೆ ಎದ್ದಾಗ, ಸೋತವರನ್ನು ನಾನೇ ಹೋಗಿ ನೋಡಿ ಬರುತ್ತೇನೆ, ಆ ಹೆಂಗಸಿಗೆ ಉತ್ತರ ತೆಗೆದುಕೊಂಡು ಹೋಗುತ್ತೇನೆ ಎಂದು ನಿರ್ಧಾರ ಮಾಡಿದ್ದೆ. ನಿಮ್ಮ ಮೇಲಿನ ನಂಬಿಕೆಯಿಂದಲೇ ಹೊರಟೆ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಕಡೂರಿಂದ ಚೌಳಹಿರಿಯೂರಿಗೆ ಬಸ್ಸು ಸುಲಭ ಎಂದು ಮೊದಲು ನಿಶ್ಚಿತಾಳ ಹತ್ತಿರ ಹೋದೆ. ಎರಡು ವರ್ಷ ಸತತವಾಗಿ ಭದ್ರಾ ಕಪ್ಪಿನ ಫೈನಲ್ಲಿನಲ್ಲಿ ನನ್ನೆದುರು ನಿಂತವಳು. ಈಗ ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆದುಕೊಳ್ಳುವ ಕೆಲಸದಲ್ಲಿದ್ದಾಳೆ. ನನ್ನನ್ನು ನೋಡಿದ ತಕ್ಷಣ ಎದ್ದು ನಿಂತು, ಕೈ ಒರೆಸಿಕೊಂಡು, "ಅಯ್ಯೋ ಮೇಡಮ್ಮೋರು" ಎಂದಳು. ಅವಳಿಗೆ ನನ್ನ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಅದನ್ನು ನೋಡಿಯೇ ನನಗೆ ಮೊದಲ ಸಲ ಏನೋ ಸರಿಯಿಲ್ಲ ಅನ್ನಿಸಿತು. ಎರಡು ಸಲ ಫೈನಲ್ಲಿನಲ್ಲಿ ಸೋತವಳಿಗೆ ಒಂದಿಷ್ಟಾದರೂ ಉರಿ ಇರಬೇಡವೇ?

ಬಾಕ್ಸಿಂಗ್ ಯಾಕೆ ಬಿಟ್ಟೆ ಎಂದು ಕೇಳಿದೆ. ಅವಳು ನಕ್ಕುಬಿಟ್ಟಳು.

"ನಾನ್ ಯಾವತ್ ಹಿಡ್ದಿದ್ದೆ ಬಿಡಕ್ಕೆ? ನಾನು ಖೋ ಖೋ ಆಡೋಳು. ಎದುರಿಗೆ ಒಬ್ಳು ಇಲ್ದಿದ್ರೆ ಆ ತೂಕಕ್ಕೆ ಕಪ್ಪೇ ಕೊಡಲ್ವಂತೆ, ಅದಕ್ಕೆ ಬಂದು ನಿಂತ್ಕೋ ಅಂದ್ರು ಸರ್. ಕೈ ಎರಡೂ ಮುಖದ್ ಮುಂದೆ ಇಟ್ಕೊಂಡು ಎರಡು ರೌಂಡ್ ನಿಂತ್ರೆ ಸಾಕು, ಮೂರನೇದಕ್ಕೆ ಕೂತ್ಕೊಂಡ್ಬಿಡು ಅಂದಿದ್ರು. ಮೂಗಿಗೆ ಹೊಡೀಬೇಡ ಅಂತ ನಿಮಗೂ ಹೇಳಿದೀನಿ ಅಂದ್ರು. ನೀವೂ ಹೊಡೀಲಿಲ್ಲ, ಪಾಪ. ನಮ್ಮನೇಲಿ ಇವತ್ತಿಗೂ ನಿಮ್ಮನ್ನ ನೆನೆಸ್ಕಂತೀವಿ."

ಸರ್, ಆ ಮೊದಲ ಫೈನಲ್ಲು ನಿಮಗೆ ಜ್ಞಾಪಕವಿದೆಯೇ? ಬೌಟಿಗೆ ಮುಂಚೆ ನನ್ನ ಕೈಗೆ ಪಟ್ಟಿ ಸುತ್ತುತ್ತಾ, ಇವತ್ತು ತಲೆಗೆ ಕೈ ಹಾಕಬೇಡ, ಹೊಟ್ಟೆ ಪಕ್ಕೆಗೆ ಮಾತ್ರ ಹೊಡಿ, ದೊಡ್ಡ ಚಾಂಪಿಯನ್ನರೆಲ್ಲ ಹಾಗೇ ಎದುರಾಳೀನ ಕರಗಿಸೋದು, ಇವತ್ತು ಅದನ್ನ ಅಭ್ಯಾಸ ಮಾಡು ಅಂದಿದ್ದಿರಿ. ನಾನು ದೊಡ್ಡ ವಿದ್ಯೆ ಕಲಿಯುತ್ತಿದ್ದೇನೆಂದು ಹೊಡೆದೆ. ಮರುದಿನ ಪತ್ರಿಕೆಯಲ್ಲಿ ನನ್ನ ದೇಹದ ಹೊಡೆತಗಳ ಬಗ್ಗೆಯೇ ಬರೆದಿದ್ದರು. ಆ ತುಂಡನ್ನು ನೀವು ಚೌಕಟ್ಟು ಹಾಕಿಸಿ ಬುದ್ಧನ ಫೋಟೊದ ಪಕ್ಕದಲ್ಲೇ ತೂಗುಹಾಕಿದಿರಿ.

ನಿಶ್ಚಿತಾ ಒಂದು ಲೋಟ ಹಾಲು ಕಾಯಿಸಿ ಕೊಟ್ಟಳು. ಕುಡಿದೆ. ಬೇಡ ಎಂದರೆ ಅವಳಿಗೆ ಬೇಜಾರಾಗುತ್ತಿತ್ತು.

ಆಗಲೂ ನಿಮ್ಮನ್ನು ಬಿಟ್ಟುಕೊಡಲಿಲ್ಲ. ಆರಂಭದ ದಿನಗಳು, ಹುಡುಗಿಯರೇ ಇರಲಿಲ್ಲ, ಸ್ಪರ್ಧೆ ನಡೆಯಲಿ ಎಂದು ಮಾಡಿದ್ದಾರೆ ಎಂದುಕೊಂಡೆ. ತ್ರಿವೇಣಿಯೊಬ್ಬಳು ಇದ್ದಾಳಲ್ಲ ಎಂದು ಧೈರ್ಯ ತಂದುಕೊಂಡೆ. ತ್ರಿವೇಣಿ ಖೋ ಖೋ ಆಡುವವಳಲ್ಲ. ನನಗಿಂತ ಮುಂಚೆ ರಾಜ್ಯ ಮಟ್ಟದಲ್ಲಿ ಪದಕ ತಂದವಳು. ನಾನು ಶಾಲೆಯಲ್ಲಿದ್ದಾಗ ಅವಳ ಫೋಟೊ ನೋಡಿ ಈ ಆಟಕ್ಕೆ ಬಂದೆ. ಅವಳನ್ನು ಎರಡನೇ ರೌಂಡಿನಲ್ಲಿ ಮಂಡಿಯೂರಿಸಿದ್ದೇ ನನ್ನ ಬದುಕಿನ ದೊಡ್ಡ ಗೆಲುವೆಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಅವಳೀಗ ಲಕ್ಕವಳ್ಳಿಯಲ್ಲಿ, ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಇದ್ದಾಳೆ. ಗಂಡನಿಗೆ ಅಲ್ಲಿ ಗೇಟಿನ ಕೆಲಸ. ನಾನು ತರೀಕೆರೆಯಲ್ಲೇ ಬಸ್ಸು ಬದಲಾಯಿಸಬೇಕಿತ್ತು. ನಮ್ಮ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು. ಇಳಿದು ನಿಮ್ಮ ಹತ್ತಿರ ಬಂದು ಕೇಳಿಬಿಡಬಹುದಿತ್ತು. ಬರಲಿಲ್ಲ. ಬಂದಿದ್ದರೆ ನೀವು ಹೇಳಿದ್ದನ್ನು ನಂಬಿ ಊಟ ಮಾಡಿ ಮಲಗುತ್ತಿದ್ದೆ.

ತ್ರಿವೇಣಿ ಬಟ್ಟೆ ಒಣಗಿಸುತ್ತಿದ್ದಳು. ನನ್ನನ್ನು ನೋಡಿ ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಬಂದ ಕಾರಣ ಹೇಳಿದೆ. ಬಕೆಟ್ಟಿನಲ್ಲಿದ್ದ ಕೊನೆಯ ಬಟ್ಟೆಯನ್ನೂ ಹಿಂಡಿ ಹಾಕಿ, ಮೆಟ್ಟಿಲ ಮೇಲೆ ಕೂತಳು.

"ನಂಗೆ ಮಗು ಆಗಿ ಇನ್ನೂ ವರ್ಷ ತುಂಬಿರ್ಲಿಲ್ಲ. ಐವತ್ಮೂರಿದ್ದೆ. ನಲವತ್ತೆಂಟಕ್ಕೆ ಇಳುದ್ರೆ ಮಾತ್ರ ಬೌಟು ಅಂದ ನಿನ್ ಗಂಡ. ಎಷ್ಟ್ ದಿನ ಟೈಮ್ ಕೊಟ್ಟ ಗೊತ್ತಾ? ಹತ್ತು. ನೀರು ಬಿಟ್ಟೆ, ಅನ್ನ ಬಿಟ್ಟೆ, ಸ್ವೆಟರ್ ಹಾಕ್ಕಂಡು ಓಡ್ದೆ. ತಕ್ಕಡಿ ಹತ್ತೋ ಹೊತ್ಗೆ ನಾಲಿಗೆ ಬಾಯಿಗೆ ಅಂಟ್ಕಂಡಿತ್ತು. ರಿಂಗಲ್ಲಿ ನಿಂಗೆ ಎರಡು ತಲೆ ಕಾಣ್ತಿತ್ತು ಕಣೇ. ಯಾವ್ದುಕ್ಕೆ ಹೊಡೀಲಿ?"

ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ.

"ಆಸೆ. ಮಗು ಆದ್ಮೇಲೂ ಆಡ್ತೀನಿ ಅಂತ ತೋರಿಸ್ಬೇಕಿತ್ತು. ಅದ್ ಅವನಿಗೆ ಚೆನ್ನಾಗ್ ಗೊತ್ತಿತ್ತು. ನಾನು ನಿನ್ ಗಂಡನ್ನ ಬೈಯಲ್ಲ, ಹೂಂ ಅಂದಿದ್ದು ನಾನೇ. ನೀನು ಅವತ್ತು ಹೊಡ್ದಿದ್ದು ಯಾರನ್ನೋ, ನನ್ನನ್ನಲ್ಲ ಅಂತ ಅಂದ್ಕಂಡು ಸುಮ್ನಿದೀನಿ. ನೀನೂ ಹಂಗೇ ಅಂದ್ಕೋ."

ಅವಳ ಮಗು ಒಳಗಿನಿಂದ ಬಂದು ಅವಳ ಬೆನ್ನಿಗೆ ಒರಗಿ ನನ್ನನ್ನೇ ನೋಡುತ್ತಿತ್ತು. ಹೊರಡುವಾಗ ತ್ರಿವೇಣಿ ಇನ್ನೊಂದು ಮಾತು ಹೇಳಿದಳು. "ನಿಂಗೆ ಸರಿಸಾಟಿ ಅಂತ ಇದ್ದಿದ್ದು ಒಬ್ಳೇ. ಅಜ್ಜಂಪುರದ ಮೆಹನಾಜು. ನಿಮ್ಮಿಬ್ರನ್ನ ಒಂದ್ಸಲಾನೂ ಯಾಕೆ ಎದುರುಬದುರು ನಿಲ್ಲಿಸ್ಲಿಲ್ಲ ಅಂತ ಕೇಳು, ಅಷ್ಟು ಸಾಕು."

ಮೆಹನಾಜಳ ಹೆಸರನ್ನು ನಮ್ಮ ಮನೆಯಲ್ಲಿ ನಾವು ಎತ್ತುವುದನ್ನು ಬಿಟ್ಟು ಎಷ್ಟು ಕಾಲವಾಯಿತು? ಅವಳೂ ನಾನೂ ನಿಮ್ಮ ಶೆಡ್ಡಿಗೆ ಸೇರಿದ್ದು ಒಂದೇ ವಾರ. ಅವಳು ಬೆಳಗಿನ ಮೊದಲ ಬಸ್ಸಿಗೆ ಅಜ್ಜಂಪುರದಿಂದ ಬರುತ್ತಿದ್ದಳು. ನಾನು ಅವಳಿಗಾಗಿ ಶೆಡ್ಡಿನ ಬಾಗಿಲಲ್ಲಿ ಕಾಯುತ್ತಿದ್ದೆ. ಒಂದೇ ಡಬ್ಬಿಯಿಂದ ತಿಂದವರು. ನನ್ನನ್ನು ಯಶಕ್ಕ ಎನ್ನುತ್ತಿದ್ದಳು, ವಯಸ್ಸಿನಲ್ಲಿ ಅಂತರ ಅಷ್ಟೇನೂ ಇರಲಿಲ್ಲ. ಮೊದಲ ಭದ್ರಾ ಕಪ್ಪಿಗೆ ಸ್ವಲ್ಪ ಮುಂಚೆ ಒಂದು ದಿನ ಅವಳು ಬರಲಿಲ್ಲ, ಮತ್ತೆ ಬರಲೇ ಇಲ್ಲ. ನಾನು ಫೋನ್ ಮಾಡಿದರೆ ಎತ್ತಲಿಲ್ಲ. ನೀವು ಹೇಳಿದಿರಿ, ಅವಳಿಗೆ ನಿನ್ನ ಮೇಲೆ ಹೊಟ್ಟೆಕಿಚ್ಚು, ನಿನ್ನ ಹೆಸರು ಮುಂದೆ ಬಂದದ್ದನ್ನು ತಡೆಯಲಾರದೆ ದಾವಣಗೆರೆ ಕ್ಲಬ್ಬಿಗೆ ಹೋದಳು, ಅಂಥವಳಿಗಾಗಿ ಅಳಬೇಡ ಎಂದು. ನಾನು ಅತ್ತೆ. ಆಮೇಲೆ ಅವಳನ್ನು ದ್ವೇಷಿಸಿದೆ. ಮದುವೆಗೂ ಕರೆಯಲಿಲ್ಲ.

ಅಜ್ಜಂಪುರದಲ್ಲಿ ಸ್ಟೇಷನ್ ರಸ್ತೆಯಲ್ಲಿ ಅವಳದೊಂದು ಫ್ಯಾನ್ಸಿ ಸ್ಟೋರ್ ಇದೆ, ಬಳೆ, ರಿಬ್ಬನ್ನು, ಕ್ಲಿಪ್ಪು ಇಂಥವು. ನಾನು ಹೋದಾಗ ಅಂಗಡಿಯಲ್ಲಿ ಅವಳ ಅಮ್ಮ ಹಜೀರಾಬಿ ಇದ್ದರು. ನಮಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದ ಕೈ. ಗುರುತು ಹಿಡಿದರು, ಆದರೆ ಕೂತ್ಕೋ ಅನ್ನಲಿಲ್ಲ.

"ಯಾಕ್ ಬಂದೆ? ನನ್ ಮಗಳು ನಿನ್ ದಾರೀಗೆ ಅಡ್ಡ ಇಲ್ವಲ್ಲ ಈಗ."

ಅರ್ಥವಾಗಲಿಲ್ಲ ಎಂದೆ.

"ಅರ್ಥ ಆಗಲ್ವಾ? ನೀನು ಬೇಡ ಅಂದಿದ್ದಕ್ಕೇ ಅಲ್ವಾ ಅವಳು ತೂಕ ಜಾಸ್ತಿ ಮಾಡ್ಕೊಂಡು ದೊಡ್ಡ ದೊಡ್ಡ ಹುಡುಗೀರ ಹತ್ರ ಹೊಡೆಸ್ಕೊಂಡಿದ್ದು? ಒಂದು ಕಣ್ಣು ಹೋಯ್ತು. ನೋಡ್ಕೊಂಡು ಹೋಗೋಕೆ ಬಂದ್ಯಾ?"

ಅಷ್ಟರಲ್ಲಿ ಮೆಹನಾಜ್ ಹಿಂದಿನ ಬಾಗಿಲಿನಿಂದ ಬಂದಳು. ಬಳೆಯ ಪೆಟ್ಟಿಗೆ ಕೈಯಲ್ಲಿತ್ತು. ನನ್ನನ್ನು ನೋಡಲು ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. ಆ ತಿರುಗಿಸುವ ರೀತಿ ಮೊದಲು ಅವಳಿಗಿರಲಿಲ್ಲ.

ಆಮೇಲೆ ಅವಳು ಹೇಳಿದ್ದನ್ನು ನಿಮಗೆ ಹೇಳಬೇಕಾದ ಅಗತ್ಯವೇ ಇಲ್ಲ, ಅದನ್ನು ಹುಟ್ಟಿಸಿದವರೇ ನೀವು. ಆದರೂ ಬರೆಯುತ್ತೇನೆ. ನೀವು ಅಜ್ಜಂಪುರಕ್ಕೆ ಬಂದು ಅವಳನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದಿರಂತೆ: ಯಶೋಧರಾ ನಿನ್ನೆದುರು ಆಡಲ್ಲ ಅಂತಿದ್ದಾಳೆ, ಈ ತೂಕದಲ್ಲಿ ಇಬ್ಬರಲ್ಲಿ ಒಬ್ಬಳೇ ಇರಬೇಕು ಅಂತ ಅಳ್ತಿದ್ದಾಳೆ, ನೀನು ಅವಳಿಗೆ ತಂಗಿ ಥರ, ನೀನೇ ಬಿಟ್ಟುಕೊಡು, ನಾನು ಹೇಳಿದೆ ಅಂತ ಮಾತ್ರ ಅವಳಿಗೆ ಹೇಳಬೇಡ, ನೊಂದುಕೊಳ್ತಾಳೆ.

ಅವಳು ನಂಬಿದಳು. ನನ್ನ ಮೇಲಿನ ಪ್ರೀತಿಗೆ ನಂಬಿದಳು. ನಲವತ್ತೆಂಟು ಕೆಜಿ ಇದ್ದವಳು ಬಾಳೆಹಣ್ಣು, ನೆನೆಸಿದ ಕಡಲೆ ತಿಂದು ತಿಂದು ಐವತ್ನಾಲ್ಕರ ತೂಕಕ್ಕೆ ಹೋದಳು. ಅಲ್ಲಿ ತನಗಿಂತ ಒಂದು ಗೇಣು ಉದ್ದ ಇರುವ ಹುಡುಗಿಯರನ್ನು ಸೋಲಿಸಿದಳು, ಸೋತಳು, ಮತ್ತೆ ಸೋಲಿಸಿದಳು. ಆಮೇಲೆ ಒಂದು ಬೌಟಿನಲ್ಲಿ ಎಡಗಣ್ಣಿನ ಒಳಪೊರೆ ಹರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಆಗಿದೆ. ಎದುರಿನದು ಕಾಣುತ್ತದೆ, ಎಡಪಕ್ಕದಿಂದ ಬರುವುದು ಕಾಣುವುದಿಲ್ಲ.

"ನೀನ್ ಯಾಕೆ ಒಂದ್ ಮಾತು ನನ್ನ ಕೇಳ್ಲಿಲ್ಲ?" ಎಂದು ನಾನು ಕೇಳಿದೆ.

"ನೀನ್ ಯಾಕೆ ಕೇಳ್ಲಿಲ್ಲ?" ಎಂದು ಅವಳು ಕೇಳಿದಳು.

ಹಜೀರಾಬಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಚಹ ತಂದಿಟ್ಟರು. ಆಮೇಲೆ ಕೂತ್ಕೋ ಎಂದರು.

ಅಲ್ಲಿಂದಲೇ ನಿಮಗೆ ಫೋನ್ ಮಾಡಿದ್ದು. ನೀವು ಸುಳ್ಳು ಎನ್ನುತ್ತೀರಿ ಎಂದು ಆಗಲೂ ಕಾದೆ. ಒಂದು ಸಲ ಸುಳ್ಳು ಎಂದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನೀವು "ನಿನಗೋಸ್ಕರ ಮಾಡಿದ್ದು ಕಣೇ" ಎಂದಿರಿ. ನಂತರ ನಿಮ್ಮ ಮಾತು ಶುರುವಾಯಿತು. ಸಣ್ಣ ತೂಕದ ಹೆಣ್ಣುಮಕ್ಕಳ ಬೌಟು ಯಾರು ನೋಡ್ತಾರೆ, ಸೋಲಿಲ್ಲದವಳು ಅಂದ್ರೆ ಮಾತ್ರ ಪತ್ರಿಕೆಯವರು ಬರ್ತಾರೆ. ಲೋಕದಲ್ಲಿ ಎಲ್ಲ ಚಾಂಪಿಯನ್ನರನ್ನೂ ಹೀಗೇ ಬೆಳೆಸೋದು, ಮೊದಲು ಸುಲಭದವರು, ಆಮೇಲೆ ಕಷ್ಟದವರು. ಸರಿ ಸರ್, ಕಷ್ಟದವರು ಯಾವಾಗ ಬರುತ್ತಿದ್ದರು? ರಾಜ್ಯ ಮಟ್ಟದ ಪಂದ್ಯ ಬಂದಾಗಲೆಲ್ಲ ನನ್ನ ಮಣಿಕಟ್ಟಿಗೆ ವಿಶ್ರಾಂತಿ ಬೇಕಾಗಿರುತ್ತಿತ್ತು. ನೋವಿಲ್ಲ ಅಂದರೆ, ನಿನಗೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತೆ ಎನ್ನುತ್ತಿದ್ದಿರಿ. ಒಂದೇ ಒಂದು ಸಲ ಕರೆದುಕೊಂಡು ಹೋದಿರಿ. ಆ ವರ್ಷ ನಮ್ಮ ತೂಕಕ್ಕೆ ಬಂದವಳು ಇನ್ನೊಬ್ಬಳು ಮಾತ್ರ, ಅವಳೂ ಜ್ವರ ಎಂದು ಹಿಂದೆ ಸರಿದಳು. ನಾನು ಬೆವರದೆ ಪದಕ ಹಾಕಿಸಿಕೊಂಡು ಬಂದೆ. ತರೀಕೆರೆಯಲ್ಲಿ ತೆರೆದ ಜೀಪಿನಲ್ಲಿ ನನ್ನನ್ನು ಮೆರವಣಿಗೆ ಮಾಡಿಸಿದಿರಿ.

ಕೊನೆಗೆ ನೀವು ಹೇಳಿದ ಮಾತು ಇದು: "ನೀನು ಒಂದು ಸೋಲು ತಡ್ಕೊಳ್ಳೋಳಲ್ಲ. ನಂಗೊತ್ತು."

ಹೇಗೆ ಗೊತ್ತು? ಒಂದು ಸಲವಾದರೂ ಬಿಟ್ಟು ನೋಡಿದಿರಾ? ಆ ಹೆಂಗಸು ಬೆಂಗಳೂರಿನಲ್ಲಿ ಹೇಳಿದ್ದು ನ್ಯಾಯವಾಗಿಯೇ ಇತ್ತು. ಸಣ್ಣ ತೂಕದಲ್ಲಿ ಎದುರಾಳಿ ಇಲ್ಲದಿದ್ದರೆ ಅದು ಯಾರ ತಪ್ಪೂ ಅಲ್ಲ. ಇರುವವರನ್ನೇ ಸೋಲಿಸಬೇಕು, ಇಲ್ಲದವರನ್ನು ಸೃಷ್ಟಿಸಲಾಗದು. ನನಗೆ ಅಂಥ ಹಣೆಬರಹವಿದ್ದಿದ್ದರೆ ತಲೆಯೆತ್ತಿ ಹೇಳುತ್ತಿದ್ದೆ, ನನ್ನ ಕಾಲದಲ್ಲಿ ಯಾರೂ ಇರಲಿಲ್ಲ ಎಂದು. ಆದರೆ ನನ್ನ ಕಾಲದಲ್ಲಿ ಒಬ್ಬಳಿದ್ದಳು. ಬೆಳಗಿನ ಬಸ್ಸಿಗೆ ಬಂದು ನನ್ನ ಪಕ್ಕದಲ್ಲೇ ಹಗ್ಗದಾಟ ಆಡುತ್ತಿದ್ದಳು. ಇದ್ದವಳನ್ನು ಇಲ್ಲದಂತೆ ಮಾಡಿದಿರಿ. ಅದಕ್ಕೆ ನನ್ನ ಕಣ್ಣೀರಿನ ಕಥೆ ಕಟ್ಟಿದಿರಿ. ನಾನು ಅಳದೇ ಇದ್ದ ಕಣ್ಣೀರು.

ನೀವು ಮದುವೆಯ ಮಾತೆತ್ತಿದಾಗ ನಾನು ಮೊದಲು ಕೇಳಿದ್ದು, ನನ್ನಲ್ಲಿ ಏನು ಕಂಡಿರಿ ಎಂದು. ನಿನ್ನಂಥ ಬಾಕ್ಸರನ್ನ ನಾನು ಇನ್ನೊಬ್ಬಳನ್ನ ನೋಡಿಲ್ಲ ಅಂದಿದ್ದಿರಿ. ಇನ್ನೊಬ್ಬಳನ್ನು ನೋಡಿದ್ದಿರಿ. ಅವಳನ್ನು ನೋಡಿಯೇ ಹೆದರಿದ್ದಿರಿ. ನನ್ನನ್ನು ಅತ್ಯಂತ ಹೆಚ್ಚು ನಂಬಿದವರು ನೀವು ಎಂದುಕೊಂಡು ಇಷ್ಟು ವರ್ಷ ನಿಮ್ಮ ಜೊತೆ ಬದುಕಿದೆ. ನಾನು ಗೆಲ್ಲುತ್ತೇನೆಂದು ಒಂದು ದಿನವೂ ನಂಬದೇ ಇದ್ದವರು ನೀವೊಬ್ಬರೇ ಎಂದು ಈಗ ಗೊತ್ತಾಯಿತು.

ಮೊನ್ನೆ ಮಧ್ಯಾಹ್ನ ನಡೆದದ್ದನ್ನೂ ಹೇಳಿಬಿಡುತ್ತೇನೆ. ನಾನೀಗ ಉಳಿದಿರುವ ಮೆಹನಾಜಳ ಮನೆಯ ಹಿಂದೆ ಈರುಳ್ಳಿ ತುಂಬುವ ಶೆಡ್ಡಿದೆ, ವ್ಯಾಪಾರಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ಈ ಸಲದ ಬೆಳೆ ಇನ್ನೂ ಕಿತ್ತಿಲ್ಲವಾದ್ದರಿಂದ ಖಾಲಿಯಿತ್ತು. ಮೆಹನಾಜ್ ಅಟ್ಟದಿಂದ ಹಳೆಯ ಗ್ಲೌಸ್, ಹೆಡ್‌ಗಾರ್ಡ್ ಇಳಿಸಿಕೊಂಡು ಬಂದು, ಬಾ ಎಂದಳು. ನಾನು ಒಪ್ಪಲಿಲ್ಲ. ಕಣ್ಣಿನ ಡಾಕ್ಟರು ಬೇಡ ಎಂದಿದ್ದಾರೆ ಎಂದು ಹಜೀರಾಬಿ ಬೈದರು. ಅವಳು ಕೇಳಲಿಲ್ಲ. "ನಿಧಾನಕ್ಕೆ ಆಡೋಣ. ಆದ್ರೆ ನಿಜವಾಗಿ ಆಡ್ಬೇಕು. ಒಂದ್ಸಲ ಆದ್ರೂ ನಿನ್ನೆದುರು ನಿಂತ್ಕೊಳ್ಳೋ ಹಕ್ಕು ನಂಗಿಲ್ವಾ?" ಎಂದಳು. ನಾನು ಗ್ಲೌಸ್ ಹಾಕಿಕೊಂಡೆ.

ಸರ್, ಅವಳ ಕಾಲುಗಳು ಇನ್ನೂ ಹಾಗೇ ಇವೆ. ನಾನು ಕೈ ಎತ್ತುವಷ್ಟರಲ್ಲಿ ಅವಳ ಎಡಗೈ ಬಂದು ನನ್ನ ಹಣೆಗೆ ತಾಗಿ ವಾಪಸು ಹೋಗಿರುತ್ತಿತ್ತು. ನಾನು ಮುಂದೆ ಹೋದರೆ ಅವಳು ಅಲ್ಲಿರುತ್ತಿರಲಿಲ್ಲ. ನಿಮ್ಮ ಹತ್ತಿರ ಕಲಿತದ್ದೆಲ್ಲವನ್ನೂ ಮಾಡಿದೆ, ಯಾವುದೂ ನಡೆಯಲಿಲ್ಲ. ಉಸಿರು ಮೇಲೆ ಬಂತು. ಗೊತ್ತಿಲ್ಲದೆಯೇ ಹಿಂದೆ ಹಿಂದೆ ಸರಿಯುತ್ತಿದ್ದೆ. ಇದು ಭಯ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು, ರಿಂಗಿನಲ್ಲಿ ನನಗೆ ಅದರ ಪರಿಚಯವೇ ಇರಲಿಲ್ಲ. ಆಮೇಲೆ ನಾನು ನಿಮ್ಮ ಪಾಠಗಳನ್ನು ಬಿಟ್ಟು ಸುಮ್ಮನೆ ಅವಳನ್ನು ನೋಡಲು ಶುರುಮಾಡಿದೆ. ಅವಳ ಭುಜ ನೋಡಿ ಕೈ ಎಲ್ಲಿ ಬರುತ್ತದೆಂದು ತಿಳಿಯತೊಡಗಿತು. ಒಂದೆರಡು ಸಲ ನನ್ನ ಹೊಡೆತವೂ ತಾಗಿತು. ಇಬ್ಬರೂ ನಕ್ಕೆವು. ಅಷ್ಟು ಖುಷಿ ನನಗೆ ಯಾವ ಕಪ್ಪು ತೆಗೆದುಕೊಳ್ಳುವಾಗಲೂ ಆಗಿರಲಿಲ್ಲ.

ಆಗ ಗಮನಿಸಿದೆ. ನನ್ನ ಬಲಗೈ ಪಕ್ಕದಿಂದ ಸುತ್ತಿ ಬಂದರೆ, ಅಂದರೆ ಅವಳ ಎಡಗಡೆಯಿಂದ ಬಂದರೆ, ಅವಳು ಅಲ್ಲಾಡುತ್ತಿರಲಿಲ್ಲ. ಅದು ಅವಳಿಗೆ ಕಾಣುತ್ತಿರಲಿಲ್ಲ. ಎತ್ತಿದ ಕೈಯನ್ನು ನಾನು ನಡುವೆಯೇ ನಿಲ್ಲಿಸಿದೆ. ಎರಡನೇ ಸಲವೂ ನಿಲ್ಲಿಸಿದೆ. ಅವಳಿಗೆ ಗೊತ್ತಾಗಿಹೋಯಿತು. ಕೈ ಕೆಳಗಿಳಿಸಿ, ಮುಖ ಕೆಂಪಗೆ ಮಾಡಿಕೊಂಡು, "ಹೊಡಿ. ನೀನೂ ನಿನ್ ಗಂಡನ ಥರ ಮಾಡ್ಬೇಡ. ನಾನು ಏನ್ ತಡ್ಕೋತೀನಿ ಅಂತ ನೀವ್ಯಾಕೆ ಲೆಕ್ಕ ಹಾಕ್ತೀರಾ?" ಎಂದಳು.

ಹೊಡೆದೆ. ಜೋರಾಗಿ ಹೊಡೆಯಲಿಲ್ಲ, ಸುಳ್ಳಾಗಿಯೂ ಹೊಡೆಯಲಿಲ್ಲ. ಹೆಡ್‌ಗಾರ್ಡಿನ ಕೆನ್ನೆಗೆ ಬಿತ್ತು. ಅವಳು ನೆಲದ ಮೇಲೆ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಹಜೀರಾಬಿ ಬಾಗಿಲಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದರು.

ನಾನು ಗೆದ್ದೆನೆಂದು ಹೇಳುವಂತಿಲ್ಲ, ಅವಳಿಗೆ ಆ ಕಣ್ಣಿದ್ದಿದ್ದರೆ ಆ ಕೈ ತಾಗುತ್ತಿರಲಿಲ್ಲವೇನೋ. ಸೋತೆನೆಂದೂ ಹೇಳುವಂತಿಲ್ಲ, ಕೊನೆಕೊನೆಗೆ ನಾನು ಅವಳನ್ನು ಓದಲು ಕಲಿಯುತ್ತಿದ್ದೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಎಂಬುದು ಇನ್ನು ಯಾವತ್ತೂ ಯಾರಿಗೂ ಗೊತ್ತಾಗುವುದಿಲ್ಲ. ಸೋಲು ಬರದಂತೆ ಕಾಪಾಡಿದೆ ಎಂದು ನೀವು ಅಂದುಕೊಂಡಿದ್ದೀರಿ. ಸೋತಿದ್ದರೆ ನಾಲ್ಕು ದಿನ ಅತ್ತು ಮತ್ತೆ ಶೆಡ್ಡಿಗೆ ಬರುತ್ತಿದ್ದೆ. ನೀವು ತೆಗೆದುಕೊಂಡದ್ದು ನಾನು ಯಾರು ಎಂದು ನನಗೆ ತಿಳಿಯುವ ಅವಕಾಶವನ್ನು. ಅವಳಿಂದ ಅದನ್ನೂ ತೆಗೆದುಕೊಂಡಿರಿ, ಜೊತೆಗೆ ಕಣ್ಣನ್ನೂ.

ಹುಬ್ಬಳ್ಳಿಗೆ ಹೋಗುತ್ತಿದ್ದೇನೆ. ಚೀಟಿಯಲ್ಲಿ ಯಾರ ಹೆಸರು ಬರುತ್ತದೋ ಅವರೆದುರು ನಿಲ್ಲುತ್ತೇನೆ. ನನ್ನ ಕಾರ್ನರಿನಲ್ಲಿ, ನೀವು ನಿಲ್ಲುತ್ತಿದ್ದ ಜಾಗದಲ್ಲಿ, ಮೆಹನಾಜ್ ಇರುತ್ತಾಳೆ. ನೀವು ಬರಬೇಡಿ. ಬಂದರೆ ಸಂಘಟಕರ ಹತ್ತಿರ ಮಾತಾಡಲು ಹೋಗುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ಮೊದಲ ಬೌಟಿನಲ್ಲೇ ಸೋತರೆ ಊರಲ್ಲಿ ಏನು ಹೇಳುವುದೆಂದು ನೀವು ಚಿಂತೆ ಮಾಡಬಹುದು. ಸೋತಳು ಎಂದು ಹೇಳಿ, ಅಷ್ಟೇ ಸಾಕು.

ತರೀಕೆರೆಗೆ ಯಾವಾಗ ಬರುತ್ತೇನೆ, ಬರುತ್ತೇನೋ ಇಲ್ಲವೋ, ಈಗ ಹೇಳಲಾರೆ. ಅಮ್ಮನಿಗೆ ಏನೂ ಹೇಳಿಲ್ಲ, ನೀವೂ ಹೇಳಬೇಡಿ. ನನ್ನ ಬಟ್ಟೆಗಳನ್ನು ಯಾರ ಕೈಯಲ್ಲಾದರೂ ಕಳಿಸಿ. ಕಪ್ಪುಗಳು ಅಲ್ಲೇ ಇರಲಿ. ಅವು ನೀವು ಗೆದ್ದವು.

ನಿಮ್ಮನ್ನು ನಂಬಿದ್ದ,
ಯಶೋಧರಾ

ಮರೆತ ಮಾತು: ಕವರಿಗೆ ಹಾಕುವ ಮುನ್ನ ಇದನ್ನು ಮೆಹನಾಜ್‌ಗೆ ಓದಿ ಹೇಳಿದೆ. ಎಲ್ಲ ಕೇಳಿ, ಒಂದು ಕಡೆ ತಪ್ಪಿದೆ ಎಂದಳು. ಆ ಬಲಗೈ ಬರುವುದು ಅವಳಿಗೆ ಕಾಣಿಸಿತ್ತಂತೆ. ಹುಬ್ಬಳ್ಳಿಗೆ ಹೋಗುವವಳಿಗೆ ಧೈರ್ಯ ಇರಲಿ ಎಂದು ತಾನೇ ತಲೆ ಸರಿಸಲಿಲ್ಲವಂತೆ. ಹೇಳಿ ನಕ್ಕಳು. ತಮಾಷೆಗೆ ಹೇಳಿದಳೋ, ನಿಜವೋ ಎಂದು ಅವಳ ಮುಖವನ್ನೇ ದಿಟ್ಟಿಸಿ ನೋಡಿದೆ. ತಿಳಿಯಲಿಲ್ಲ. ನಾನು ಹಾಗೆ ನೋಡಿದ್ದರಿಂದ ಅವಳಿಗೆ ನೋವಾಯಿತು. ನನ್ನ ಮೇಲಿನ ಪ್ರೀತಿಗೆ ಕಣ್ಣನ್ನೇ ಕಳೆದುಕೊಂಡವಳ ಮಾತನ್ನೂ ನಾನೀಗ ಅನುಮಾನದಿಂದ ನೋಡುತ್ತಿದ್ದೇನೆ. ಇದನ್ನು ಸರಿಮಾಡುವುದು ಹೇಗೆಂದು ನಿಮಗೆ ಗೊತ್ತಿದ್ದರೂ ಹೇಳಬೇಡಿ, ನಂಬುವುದಿಲ್ಲ.